ಅಮೃತ ವಲ್ದ ಪಂಡರಿ

ಒಂದು ಟವೆಲ್ಲಿನ ಸಲುವಾಗಿ ನಾನು ಜೇಲು ಕಂಡವನು. ಇಷ್ಟು ಹೇಳಿದರೆ ಸಾಕು, ಕೇಳಿದವರು ನಗುತ್ತಾರೆ. ನಾನೂ ಅವರ ಜೊತೆ ನಕ್ಕು ಮಾತನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ. ನಗು ಬಾರದ ಭಾಗವನ್ನು ಯಾರಿಗೂ ಹೇಳಿಲ್ಲ.

1974ರ ಬೇಸಿಗೆ. ನನಗೆ ಇಪ್ಪತ್ತನಾಲ್ಕು ವರ್ಷ. ಬಸವಕಲ್ಯಾಣದಲ್ಲಿ ಗೆಳೆಯ ಜ್ಞಾನೇಶ್ವರನ ಮದುವೆ. ನಮ್ಮೂರು ಬೇಮಳಖೇಡದಿಂದ ಹುಮನಾಬಾದಕ್ಕೆ ಬಂದು ಅಲ್ಲಿ ಬಸ್ಸು ಬದಲಿಸಬೇಕಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪೈಜಾಮ, ಹೆಗಲ ಮೇಲೆ ಹೊಸ ಟವೆಲ್. ಲಗ್ನದ ದಿನಗಳು, ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಲ್ಯಾಣದ ಬಸ್ಸು ಬಂದು ನಿಲ್ಲುವ ಮೊದಲೇ ನಾನು ಓಡಿ, ಕಿಟಕಿಯೊಳಗಿಂದ ಟವೆಲ್ ಒಗೆದು ಸೀಟು ಹಿಡಿದೆ. ನಮ್ಮ ಕಡೆ ಅದೇ ಕಾಯ್ದೆ. ಟವೆಲ್ ಬಿದ್ದ ಸೀಟಿನಲ್ಲಿ ದೇವರು ಬಂದರೂ ಕೂಡುವಂತಿಲ್ಲ.

ಬಾಗಿಲಲ್ಲಿ ನುಗ್ಗಾಡಿ ಒಳಗೆ ಹೋಗುವಷ್ಟರಲ್ಲಿ ನನ್ನ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ಟವೆಲ್ ಕಂಡಕ್ಟರನ ಕೈಯಲ್ಲಿತ್ತು.

"ತಗೋರಿ ನಿಮ್ಮ ಟಾವೆಲ್," ಅಂದ ಆತ. "ಆ ತಾಯಿಗೆ ದಿನ ತುಂಬ್ಯಾವ, ನಿಂದ್ರಾಕ ಆಗಂಗಿಲ್ಲ. ನೀವು ಹರೇದವ್ರು ಅದೀರಿ, ನಿಂತ ಬರ್ರಿ."

ಕಂಡಕ್ಟರನ ಹೆಸರು ಖಮರುದ್ದೀನ್. ತೆಳ್ಳಗಿನ, ಗಡ್ಡ ನೆರೆತ ಮನುಷ್ಯ. ವಯಸ್ಸಿನಲ್ಲಿ ನನ್ನಪ್ಪನಿಗಿಂತ ಒಂದೆರಡು ವರ್ಷ ಚಿಕ್ಕವನಿರಬಹುದು. ನಾನು ಆ ಹೆಣ್ಣುಮಗಳ ಹೊಟ್ಟೆಯನ್ನು ನೋಡಲಿಲ್ಲ. ಹಿಂದಿನಿಂದ ಯಾರೋ "ಹೋತಪಾ ಸೀಟ!" ಎಂದು ಕಿಸಕ್ಕನೆ ನಕ್ಕದ್ದು ಮಾತ್ರ ಕೇಳಿಸಿತು. ಕೈ ಎತ್ತಿ ಖಮರುದ್ದೀನನ ಕೆನ್ನೆಗೆ ಹೊಡೆದೆ.

ಟಿಕೇಟಿನ ಪೆಟ್ಟಿಗೆ ಕೆಳಗೆ ಬಿತ್ತು. ಬಣ್ಣಬಣ್ಣದ ಟಿಕೇಟುಗಳು ಜನರ ಕಾಲಡಿ ಚೆಲ್ಲಿದವು. ಆಮೇಲೆ ಆ ಬಸುರಿಯೇ ಎದ್ದು ನಿಂತು, "ನಾ ನಿಂದರ್ತೀನ್ರಿ, ಬ್ಯಾಡ್ರಿ, ನನ್ನ ಸಲುವಾಗಿ ಬ್ಯಾಡ್ರಿ" ಎಂದು ಅಳತೊಡಗಿದಳು. ಡ್ರೈವರ್ ಗಾಡಿ ಚಾಲೂ ಮಾಡಿದ. ಕಲ್ಯಾಣದ ರಸ್ತೆ ಬಿಟ್ಟು, ಅರವತ್ತು ಮಂದಿಯ ಸಮೇತ ಬಸ್ಸನ್ನು ಹುಮನಾಬಾದ ಠಾಣೆಯ ಮುಂದೆ ತಂದು ನಿಲ್ಲಿಸಿದ.

"ನಮಗ ಯಾಕ ತಡಾ ಮಾಡ್ದ್ಯೋ ಮಾರಾಯಾ! ಅಕ್ಕಿಕಾಳು ಬೀಳೂದ್ರಾಗ ಮುಟ್ಟಬೇಕಿತ್ತು," ಅಂದಳು ಒಬ್ಬ ಮುದುಕಿ.

"ಇಳಿಯೋ ನವಾಬಾ," ಅಂದ ಇನ್ನೊಬ್ಬ. "ಒಳಗ ಸೀಟ್ ಖಾಲಿ ಅದ. ಟಾವೆಲ್ ಒಗಿಯೂದೂ ಬ್ಯಾಡ."

ಎಲ್ಲರೂ ನಕ್ಕರು. ಖಮರುದ್ದೀನ್ ಒಬ್ಬ ನಗಲಿಲ್ಲ. ಅವನು ಬಗ್ಗಿ ಟಿಕೇಟು ಆರಿಸುತ್ತಿದ್ದ.

ಠಾಣೆಯ ಮೆಟ್ಟಿಲು ಹತ್ತುವಾಗ ನನಗೆ ನೆನಪಾದದ್ದು ಅಪ್ಪ. ಅಪ್ಪ ಶಿವರಾಜ ಅಂದರೆ ನಮ್ಮೂರ ಜಗಳ ಬಿಡಿಸುವ ಮನುಷ್ಯ. ಹೊಲದ ಒಡ್ಡಿನ ತಕರಾರಿರಲಿ, ಗಂಡ ಹೆಂಡಿರ ಗುದ್ದಾಟವಿರಲಿ, ಬೇವಿನ ಕಟ್ಟೆಯ ಮೇಲೆ ಅಪ್ಪ ಕೂತರೆ ಸಂಜೆಯೊಳಗೆ ಮುಗಿಯುತ್ತಿತ್ತು. ಮುಗಿಸಿ ಏಳುವಾಗ ಒಂದು ಮಾತು ಹೇಳುತ್ತಿದ್ದ: "ನಾ ಇರೂತನಕ ಬೇಮಳಖೇಡದ ಕಾಲು ಠಾಣೇದ ಮೆಟ್ಟಲ ಹತ್ತಬಾರ್ದು." ಆವರೆಗೆ ಯಾರೂ ಹತ್ತಿರಲಿಲ್ಲ.

ಮಾಣಿಕರಾವ ಜಮಾದಾರ ದೊಡ್ಡ ರಜಿಸ್ಟರು ತೆಗೆದ. ಖಮರುದ್ದೀನನ ಹೇಳಿಕೆ ಮೊದಲು ಬರೆದುಕೊಂಡ. ಡ್ಯೂಟಿಯ ಮೇಲಿದ್ದ ಸರಕಾರಿ ನೌಕರನ ಮೈಮುಟ್ಟಿದ್ದು ಸಣ್ಣ ಕೇಸಲ್ಲ ಎಂದು ನನಗೂ ಕೇಳಿಸುವಂತೆ ಹೇಳಿದ. ಬಸ್ಸು ಹೋಯಿತು. ಆಮೇಲೆ ನನ್ನ ಕಡೆ ತಿರುಗಿದ.

"ಹೆಸರು?"

ಆ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಹೋಯಿತೋ ತಿಳಿಯದು. ಒಂದು ಉಸಿರಿನಷ್ಟಿರಬಹುದು. ಅಷ್ಟರಲ್ಲಿ ಮನಸ್ಸು ಇಡೀ ಊರನ್ನು ಸುತ್ತಿ ಬಂತು. ಊರಲ್ಲಿಲ್ಲದವನು ಯಾರು? ಬಡವನು ಯಾರು? ಯಾರ ಹೆಸರು ಹೋದರೆ ಕೇಳುವವರಿಲ್ಲ?

"ಅಮೃತ," ಅಂದೆ.

"ವಲ್ದ?"

ವಲ್ದ ಅಂದರೆ ಇಂಥವನ ಮಗ ಎಂದು. ನಿಜಾಮರ ಕಾಲದ ದಫ್ತರದ ಮಾತು. ರಾಜ್ಯ ಬದಲಾದರೂ ನಮ್ಮ ಠಾಣೆ ಕೋರ್ಟುಗಳಿಂದ ಹೋಗಿರಲಿಲ್ಲ.

"ಪಂಡರಿ."

"ಊರು? ಧಂದಾ?"

"ಬೇಮಳಖೇಡ. ಕುರಿ ಕಾಯ್ತೀನ್ರಿ."

ಜಮಾದಾರ ಪೆನ್ನು ನಿಲ್ಲಿಸಿ ನನ್ನ ಅಂಗಿ ನೋಡಿದ. "ಏ ಹುಸೇನಾ, ನೋಡಿಲ್ಲಿ. ಕುರಿ ಕಾಯಾಂವ ಇಸ್ತ್ರಿ ಅಂಗೀ ಹಾಕ್ಯಾನ!"

ಬಾಗಿಲಲ್ಲಿದ್ದ ಪೋಲೀಸ ಹುಸೇನ್, "ಕುರಿಗೋಳ ಲಗ್ನ ಇರಬೇಕ್ರಿ" ಅಂದ.

"ಗೆಳೆಯಂದು ಲಗ್ನ ಅದ್ರಿ. ಅಂಗಿ ಕೇಳಿ ತಂದೀನಿ," ಅಂದೆ. ಒಂದು ಸುಳ್ಳಿಗೆ ಇನ್ನೊಂದು ತಾನಾಗಿಯೇ ಬಂದು ಕೂಡಿಕೊಂಡಿತು. ಎಡಗಿವಿಯ ಕೆಳಗಿನ ನನ್ನ ಮಚ್ಚೆಯನ್ನು ಅಮೃತನ ಗುರುತೆಂದು ಬರೆದರು. ಸಹಿಗೆ ಪುಸ್ತಕ ಮುಂದೆ ತಳ್ಳಿದಾಗ ಕೈ ಪೆನ್ನಿನ ಕಡೆ ಹೋಯಿತು. ಹತ್ತನೇ ಇಯತ್ತೆತನಕ ಓದಿದ ಕೈ. ಅಮೃತನಿಗೆ ಅಕ್ಷರ ಬರುವುದಿಲ್ಲ ಎಂದು ಆಗ ನೆನಪಾಯಿತು. ಕೈ ಹಿಂದಕ್ಕೆ ತೆಗೆದು ಹೆಬ್ಬೆಟ್ಟು ಚಾಚಿದೆ. ಹುಸೇನ್ ಅದಕ್ಕೆ ಮಸಿ ಹಚ್ಚಿ ಒತ್ತಿದ.

ಆಮೇಲೆ ಪೈಜಾಮದ ಲಾಡಿ ಎಳೆದುಕೊಂಡರು. ಉಡದಾರವನ್ನು ಬ್ಲೇಡಿನಿಂದ ಕೊಯ್ದರು. "ಉರ್ಲ ಹಾಕ್ಕೊಂಡು ನಮ್ಮ ನೌಕರಿ ತಿಂದೀರಿ," ಅಂದ ಹುಸೇನ್, ಸಿಟ್ಟಿಲ್ಲದೆ. ಉಡದಾರ ಹರಿಯುವುದು ಹೆಣದ ಮೈಯಿಂದ. ಒಂದು ಕೈಯಲ್ಲಿ ಪೈಜಾಮ ಹಿಡಿದುಕೊಂಡು ಒಳಗೆ ಹೋದೆ.

ಒಳಗಿನ ವಾಸನೆ, ಸೊಳ್ಳೆ, ಮೂಲೆಯ ಡಬ್ಬಿ, ಇವೆಲ್ಲ ಜೇಲು ಕಂಡವರು ಹೇಳುವಂಥವೇ. ನನ್ನ ಜೊತೆ ಇನ್ನಿಬ್ಬರಿದ್ದರು. "ಏನ್ ಮಾಡಿ ಬಂದಿ?" ಎಂದು ಕೇಳಿದರು. ಟವೆಲ್ಲಿನ ಕಥೆ ಹೇಳಿದೆ, ನಕ್ಕರು. ನನಗೆ ಆಗ ನಾಚಿಕೆಯೇನೂ ಇರಲಿಲ್ಲ, ನಿಜ ಹೇಳಬೇಕು. ಪಾರಾದೆ ಅನಿಸಿತ್ತು. ಅಮೃತ ಕುರಿ ಹೊಡೆದುಕೊಂಡು ಹುಲಸೂರು ದಾಟಿ ಮಹಾರಾಷ್ಟ್ರದ ಕಡೆ ಹೋಗಿ ಎರಡು ತಿಂಗಳಾಗಿತ್ತು. ಜೂನಿನ ಮಿರಗದ ಮಳೆ ಬೀಳುವತನಕ ತಿರುಗಿ ಬರುವವನಲ್ಲ. ಅವನ ಅಪ್ಪ ಪಂಡರಿ ತೀರಿಕೊಂಡು ಆರು ವರ್ಷ. ನಾನು ಸಣ್ಣವನಿದ್ದಾಗ ಟಗರಿನ ಬೆನ್ನ ಮೇಲೆ ನನ್ನನ್ನು ಕೂಡಿಸಿ ಆಡಿಸಿದ ಮನುಷ್ಯ ಆತ. ಆ ಹೆಸರು ಪುಸ್ತಕದಲ್ಲಿ ಬಿದ್ದರೆ ಯಾರಿಗೇನು? ನಾಳೆ ದಂಡ ಕಟ್ಟಿದರೆ ಮುಗಿಯಿತು ಎಂದುಕೊಂಡೆ.

ಒಂದು ಮಾತು ನನಗೆ ಗೊತ್ತಿರಲಿಲ್ಲ. ಜಮಾದಾರ ಕೆಟ್ಟವನಲ್ಲ. ಹುಡುಗನ ಮನೆಯವರು ಗಾಬರಿಯಾಗಬಾರದು, ಜಮಾನತಿಗೆ ಯಾರಾದರೂ ಬರಲಿ ಎಂದು ಸಂಜೆಯ ಚಿಟಗುಪ್ಪ ಬಸ್ಸಿನಲ್ಲಿ ಬೇಮಳಖೇಡಕ್ಕೆ ಸುದ್ದಿ ಕಳಿಸಿದ್ದ: ಪಂಡರಿಯ ಮಗ ಅಮೃತ ಹುಮನಾಬಾದದಲ್ಲಿ ಒಳಗಿದ್ದಾನೆ.

ಮುಂಜಾನೆ ಮೊದಲ ಬಸ್ಸಿಗೆ ಅಮೃತನ ತಾಯಿ ಬಂದಳು.

ದನಿ ಮೊದಲು ಬಂತು. "ನನ್ನಪ್ಪಾ... ಅಮೃತಾ... ಎಲ್ಲಿ ಅದೀಯೋ ನನ್ನಪ್ಪಾ..." ಆ ದನಿ ಊರಲ್ಲಿ ನಾನು ದಿನಾ ಕೇಳಿದ್ದೇ. ಮರಿ ಕರೆಯುವ ದನಿ, ಹಾಲಿಗೆ ನೀರು ಬೆರೆಸಿದೆಯಾ ಎಂದರೆ ಜಗಳ ತೆಗೆಯುವ ದನಿ. ಧೂಳಮ್ಮ. ನಾನು ಗೋಡೆಗೆ ಅಂಟಿದೆ. ಅಡಗಲು ಅಲ್ಲಿ ಜಾಗವೆಲ್ಲಿದೆ?

ಕಂಬಳಿಯ ಗಂಟು ಹೊತ್ತುಕೊಂಡು ಕಂಬಿಗಳ ಮುಂದೆ ಬಂದು ನಿಂತಳು. ಒಳಗಿನ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ನನ್ನ ಮುಖಕ್ಕೆ ಬಂದು ಕಣ್ಣು ನಿಂತವು. ನಾನು ಒಂದು ಕೈಯಲ್ಲಿ ಪೈಜಾಮ ಹಿಡಿದುಕೊಂಡಿದ್ದೆ. ಇನ್ನೊಂದು ಕೈಯನ್ನು ಎದೆಯ ಮೇಲಿಟ್ಟು ತಲೆ ಅಲ್ಲಾಡಿಸಿದೆ. ಹೇಳಬೇಡ ಎಂದು.

ಅವಳ ಹಿಂದೆ ಜಮಾದಾರ ಬಂದ. "ಇಂವಾ ಏನವಾ ನಿನ್ನ ಮಗ?"

ಧೂಳಮ್ಮ ನನ್ನನ್ನೇ ನೋಡುತ್ತಿದ್ದಳು.

"ಹೌದ್ರಿ ಸಾಹೇಬ," ಅಂದಳು. "ನನ್ನ ಮಗನ ಹಾನ್ರಿ."

"ನಿನ್ನ ಗಂಡನ ಹೆಸರೇನು? ತಾಳೆ ಆಗಬೇಕಲ್ಲ ನಮ್ಮ ಬುಕ್ಕಿಗಿ."

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಅದು ಹ್ಯಾಂಗ ಹೇಳ್ಲಿರಿ? ಆ ಹೆಸರ ನಾ ಒಮ್ಮಿನೂ ತಗದಾಕಿ ಅಲ್ಲ."

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಸತ್ತ ಮೇಲೂ ಇಲ್ಲ. ಪಂಚಾಯತಿಯಲ್ಲಿ ರೇಶನ್ ಕಾರ್ಡು ಬರೆಸುವಾಗ ಕೂಡ ಪಕ್ಕದವರು ಹೇಳಿಕೊಡಬೇಕು. ಜಮಾದಾರನಿಗೂ ಅದು ಗೊತ್ತು. ನಕ್ಕು ನನ್ನ ಕಡೆ ಗದ್ದ ಎತ್ತಿದ.

"ಏ, ನೀ ಹೇಳೋ. ನಿಮ್ಮಪ್ಪನ ಹೆಸರ ಹೇಳಾಕ ನಿನಗೇನು ನಾಚಿಕಿ?"

"ಪಂಡರಿ," ಅಂದೆ, ಅವಳ ಮುಖದೆದುರು.

ಧೂಳಮ್ಮ ತಲೆ ತಗ್ಗಿಸಿದಳು. ಗಂಟು ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ ಕಂಬಿಯೊಳಗಿಂದ ಕೊಟ್ಟಳು. ಮಗನಿಗೆಂದು ಬಡಿದ ರೊಟ್ಟಿ. ನಾನು ನಿನ್ನೆಯಿಂದ ಉಪವಾಸ. ತಿಂದೆ. ಬೇಡ ಅನ್ನುವಷ್ಟು ಮಾನ ಕೂಡ ನನ್ನಲ್ಲಿ ಉಳಿದಿರಲಿಲ್ಲ.

ಹುಮನಾಬಾದದ ಮ್ಯಾಜಿಸ್ಟ್ರೇಟ್ ಸಾಹೇಬರು ಆ ವಾರ ರಜೆಯಲ್ಲಿದ್ದುದರಿಂದ ನಮ್ಮ ಕೇಸುಗಳು ಕಲ್ಯಾಣದ ಕೋರ್ಟಿಗೆ ಹೋಗುತ್ತಿದ್ದವು. ಹುಸೇನ್ ಲಾಡಿ ತಿರುಗಿ ಕೊಟ್ಟ, ಕೈಗೆ ಬೇಡಿ ಹಾಕಿದ, ಬಸ್ಸು ಹತ್ತಿಸಿದ. ಅದೇ ಕಲ್ಯಾಣದ ಬಸ್ಸು, ಅದೇ ಲಗ್ನದ ಗದ್ದಲ. ಆದರೆ ಬೇಡಿ ಕಂಡದ್ದೇ ಇಬ್ಬರು ಎದ್ದು ಸೀಟು ಬಿಟ್ಟರು. ನನ್ನ ಪಕ್ಕ ಯಾರೂ ಕೂಡಲಿಲ್ಲ. ಹುಸೇನ್ ಸರಪಳಿಯ ತುದಿ ಹಿಡಿದು ಹಿಂದಿನ ಸೀಟಿನಲ್ಲಿ ಕೂತು ತೂಕಡಿಸತೊಡಗಿದ. ಧೂಳಮ್ಮ ಬಂದು ನನ್ನ ಬದಿಗೆ ಕೂತಳು.

ಬಸ್ಸು ಊರು ದಾಟಿತು. ಆಮೇಲೆ, ಮುಂದೆ ನೋಡುತ್ತಲೇ ಕೇಳಿದಳು: "ಅವನ ಹೆಸರ ಯಾಕ ಹೇಳ್ದಿ ತಮ್ಮಾ?"

ನಾನು ಕೈಯ ಬೇಡಿ ನೋಡಿದೆ.

"ಅಂವ ಊರಾಗ ಇಲ್ಲಂತನಾ?"

ಹೌದೆಂದು ತಲೆ ಆಡಿಸಿದೆ.

"ಹ್ಞೂಂ."

"ಧೂಳವ್ವಾ, ನೀ ಯಾಕ ಹೌದಂದಿ?"

"ಅಲ್ಲ ಅಂದಿದ್ರ ಅಲ್ಲೇ ನಿನಗ ಬಡೀತಿದ್ರು. ಅದನ್ನ ನೋಡಾಕ ನಾ ಬಸ್ ಹತ್ತಿ ಬಂದಿದ್ದಿಲ್ಲ." ಮತ್ತೆ ಹೇಳಿದಳು: "ಇನ್ನೊಂದು ಮಾತದ. ನಿನ್ನ ನೋಡಿ ನನಗ ಖುಷಿ ಆತು. ಖರೇ ಹೇಳ್ತೀನಿ. ರಾತ್ರಿ ಪೂರಾ ಎದಿ ಬಡ್ಕೊಂಡು ಬಂದಿದ್ದೆ. ಒಳಗ ನೋಡಿದ್ರ ನನ್ನ ಮಗ ಅಲ್ಲ. ಇನ್ನೊಬ್ಬಾಕಿ ಮಗ ಕಂಬಿ ಹಿಂದ ಇದ್ದದ್ದು ನೋಡಿ ಖುಷಿ ಪಟ್ಟೆನಲ್ಲಪಾ, ಎಂಥಾ ಹೆಂಗಸಿರಬೇಕು ನಾ! ಆ ನಾಚಿಕಿಗೇ ಹೌದಂದೆ."

ನಾಚಿಕೆ ಎಂಬ ಮಾತನ್ನು ಅವಳು ಹೇಳಿದಳು. ನಾನಲ್ಲ.

"ಆ ಬುಕ್ಕಿನ್ಯಾಗ ಬರದದ್ದು ಆಮ್ಯಾಲ ಅಳಸ್ತಾರೇನು?"

"ದಂಡ ಕಟ್ಟಿದ್ರ ಮುಗೀತದ ಧೂಳವ್ವಾ."

"ಮುಗೀತದಲ್ಲ? ಯಾಕಂದ್ರ ನಮ್ಮ ಮಂದಿ ದಾರಿ ಮ್ಯಾಲ ಇರಾವ್ರು. ಎಲ್ಲೇ ಒಂದ ಕುರಿ ಕಳೀಲಿ, ಮೊದಲ ನಮ್ಮನ್ನೇ ಕರೀತಾರ. ಇಷ್ಟು ದಿನ ನನ್ನ ಮಗ ಎದಿ ಸೆಟಿಸಿ ಹೋಗಿ ಬರ್ತಿದ್ದ, ಬುಕ್ಕಿನ್ಯಾಗ ನನ್ನ ಹೆಸರಿಲ್ಲ ಅಂತಿದ್ದ."

"ಮುಗೀತದ," ಎಂದು ಮತ್ತೆ ಹೇಳಿದೆ. ಮುಗಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಮಸಿ ಹತ್ತಿದ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ.

ಕಲ್ಯಾಣದಲ್ಲಿ ಕೋರ್ಟಿನ ಅಂಗಳ ತುಂಬಿತ್ತು. ಒಳಗೆ ಹೋಗುವ ಮುಂಚೆ ಬೇಡಿ ಬಿಚ್ಚಿದರು. ವಕೀಲರು, ಪಾರ್ಟಿಗಳು, ಚಹಾ ಮಾರುವವರು, ಸಾಕ್ಷಿ ಹೇಳಲು ಬಂದು ಬೀಡಿ ಸೇದುವವರು. ಅದೇ ಊರಿನ ಇನ್ನೊಂದು ಓಣಿಯಲ್ಲಿ ಜ್ಞಾನೇಶ್ವರ ಬಾಸಿಂಗ ಬಿಚ್ಚಿ ಕೂತಿರಬೇಕು. ನನ್ನ ಎದೆಯಲ್ಲಿ ಒಂದೇ ಲೆಕ್ಕ: ತಪ್ಪಾಯಿತು ಅನ್ನಬೇಕು, ದಂಡ ಹಾಕಿಸಿಕೊಳ್ಳಬೇಕು, ಸಂಜೆಯೊಳಗೆ ಊರು ಮುಟ್ಟಬೇಕು. ಅಪ್ಪನಿಗೆ ಮದುವೆಯ ಊಟದ ಸುದ್ದಿ ಹೇಳಬೇಕು.

ಪಡಸಾಲೆಯ ತುದಿಗೆ ಕೋರ್ಟಿನ ಜವಾನ ಬಂದು ನಿಂತ. ಹೊಟ್ಟೆಯಿಂದ ದನಿ ತೆಗೆದು ಕೂಗಿದ:

"ಅಮೃತ ವಲ್ದ ಪಂಡರೀ... ಹಾಜಿರ್ ಹೋ!"

ನಾನು ಕಾಲೆತ್ತಿದೆ. ಎತ್ತುವಾಗ ಧೂಳಮ್ಮನ ಕಡೆ ಕಣ್ಣು ಹೋಯಿತು. ಅವಳು ಬೇವಿನ ಬುಡದಲ್ಲಿ ಗಂಟಿಟ್ಟುಕೊಂಡು ಕೂತಿದ್ದಳು. ಕೂಗು ಕಿವಿಗೆ ಬಿದ್ದದ್ದೇ ಹೊಡೆತ ತಪ್ಪಿಸಿಕೊಳ್ಳುವವಳ ಹಾಗೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

"ಅಮೃತ ವಲ್ದ ಪಂಡರೀ!"

ಬೀಡಿ ಸೇದುತ್ತಿದ್ದವನೊಬ್ಬ, "ಎಲ್ಲಿ ಹೋದನಪಾ ಪಂಡರೀ ಮಗ? ಪಂಡರಾಪುರಕ್ಕ ಹೋದನೇನು?" ಅಂದ. ನಾಲ್ಕು ಮಂದಿ ನಕ್ಕರು. ಅವಳು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ತನ್ನ ಬಾಯಿಂದ ಒಮ್ಮೆಯೂ ಹೊರಡದಂತೆ ಜೀವಮಾನವೆಲ್ಲ ಕಾಯ್ದುಕೊಂಡ ಹೆಸರು. ಅದನ್ನು ಆ ಜವಾನ ಕಳ್ಳರ, ಕುಡುಕರ ಹೆಸರುಗಳ ನಡುವೆ ಬೀದಿಗೆ ಕೇಳುವಂತೆ ಕೂಗುತ್ತಿದ್ದ. ಆ ಹೆಸರನ್ನು ಅವನ ಬಾಯಿಗೆ ಕೊಟ್ಟವನು ನಾನು.

"ಅಮೃತ ವಲ್ದ ಪಂಡರೀ! ಹಾಜಿರ್ ಹೋ!"

"ನಡಿಯೋ, ಕಿವುಡ ಅದೀ ಏನು?" ಹುಸೇನ್ ಬೆನ್ನಿಗೆ ಗುದ್ದಿ ಒಳಗೆ ತಳ್ಳಿದ.

ಕಟಕಟೆಯಲ್ಲಿ ನಿಂತೆ. ಸಾಹೇಬರು ಕಾಗದದಿಂದ ತಲೆ ಎತ್ತದೆ ಕೇಳಿದರು: "ಅಮೃತ ನೀನೇ ಏನು?"

"ಅಲ್ಲರಿ."

ತಲೆ ಎತ್ತಿದರು.

"ನನ್ನ ಹೆಸರು ತುಳಜಾರಾಮ್ರಿ. ವಲ್ದ ಶಿವರಾಜ. ಕಂಡಕ್ಟರ್ರಿಗಿ ಹೊಡ್ದಾಂವ ನಾನ. ಠಾಣೇದಾಗ ಸುಳ್ಳ ಹೆಸರ ಬರಸೀನ್ರಿ. ಅಮೃತ ನಮ್ಮೂರಾಗ ಕುರಿ ಕಾಯಾಂವ. ಅಂವಾ ಊರಾಗೂ ಇಲ್ಲ. ಹೊರಗ ಕೂತಾಕಿ ಅವನ ತಾಯಿ, ನನ್ನ ತಾಯಿ ಅಲ್ಲ."

"ಯಾ ಅಲ್ಲಾ," ಅಂದ ಹುಸೇನ್, ಮೆಲ್ಲಗೆ.

ಸಾಹೇಬರು ಕನ್ನಡಕ ತೆಗೆದರು. "ಓದಿದವನ ಹಾಗೆ ಕಾಣುತ್ತೀ. ಹೆಬ್ಬೆಟ್ಟು ಯಾಕೆ ಒತ್ತಿದಿ?"

"ಅವಗ ಸಹಿ ಬರಂಗಿಲ್ಲರಿ, ಅದಕ್ಕ."

ಕೋರ್ಟಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು. ಸುಳ್ಳು ಹೆಸರಿನ ಅಪರಾಧವನ್ನೂ ಸೇರಿಸಿ, ಕಾಗದ ತಿದ್ದಿಸಿ ಮೂರು ದಿನದಲ್ಲಿ ಮತ್ತೆ ಹಾಜರುಪಡಿಸಬೇಕು, ಅಮೃತನ ತಾಯಿಯೂ ಬಂದು ಹೇಳಿಕೆ ಕೊಡಬೇಕು ಎಂದು ಹುಕುಂ ಆಯಿತು. ಹುಮನಾಬಾದಕ್ಕೆ ತಿರುಗಿ ಕರೆತಂದರು. ಮಾಣಿಕರಾವ ಜಮಾದಾರ ಕಪಾಳಕ್ಕೆ ಎರಡು ಕೊಟ್ಟ. "ಕುರಿ ಕಾಯಾಂವ ಅಂತ! ನನ್ನ ಬುಕ್ಕ ಹೊಲಸ ಮಾಡ್ದಿ!" ಅಂದ. ಅಮೃತನ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ಬದಿಗೆ ನನ್ನದನ್ನು ಬರೆದ. ಈ ಸಲ ಸಹಿ ಮಾಡಿದೆ. ಕೆಂಪು ಗೆರೆಯ ಕೆಳಗೆ ಆ ಹೆಸರು ಇನ್ನೂ ಓದಲು ಬರುತ್ತಿತ್ತು.

"ಇದು ಕಾಣಸ್ತದಲ್ಲರಿ?" ಅಂದೆ.

"ಕಾಣ್ಲಿ. ಹರದ ಹಾಕಾಕ ಇದೇನು ನಿಮ್ಮನಿ ಕ್ಯಾಲೆಂಡರಾ?" ಆದರೂ ಅವನು ಸ್ವಲ್ಪ ಯೋಚಿಸಿ, ಗೆರೆಯ ಮೇಲೆ ಸಣ್ಣ ಅಕ್ಷರದಲ್ಲಿ 'ಈ ಮನುಷ್ಯನಿಗೆ ಸಂಬಂಧವಿಲ್ಲ' ಎಂದು ಬರೆದು ತನ್ನ ಸಹಿ ಹಾಕಿದ.

ಮೂರನೆಯ ದಿನ ಕಲ್ಯಾಣದ ಕೋರ್ಟಿಗೆ ಅಪ್ಪ ಬಂದ. ಅದಕ್ಕೂ ಮೊದಲು ಠಾಣೆಯೊಳಗೆ ಬಂದಿರಲಿಲ್ಲ. ಮೆಟ್ಟಿಲ ತನಕ ಬಂದು ತಿರುಗಿ ಹೋದನೆಂದು ಹುಸೇನ್ ಹೇಳಿದ್ದ. ಅಂಗಳದಲ್ಲಿ, ಬೇವಿನ ಬುಡದಲ್ಲಿ, ಧೂಳಮ್ಮನಿಂದ ನಾಲ್ಕು ಮಾರು ದೂರ ಅಪ್ಪ ನಿಂತಿದ್ದ. ಬಸ್ಸಿನಲ್ಲಿ ಅವಳ ಟಿಕೇಟು ತೆಗೆಯಲು ಹೋದನಂತೆ; ಅವಳು ತೆಗೆಯಗೊಡಲಿಲ್ಲವಂತೆ. ಖಮರುದ್ದೀನ್ ಕೂಡ ಸಾಕ್ಷಿಗೆ ಬಂದಿದ್ದ. ಅಪ್ಪ ಅವನ ಹತ್ತಿರ ಹೋಗಿ, ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ಏನೋ ಹೇಳಿದ. ಖಮರುದ್ದೀನ್ ಗಡಿಬಿಡಿಯಿಂದ "ಅರೇ ಛೋಡಿಯೇ, ರುಮಾಲ್ ಸುತ್ಕೋರಿ ಮಾಲಕ್, ನೀವೇನ್ ಮಾಡೀರಿ?" ಅಂದದ್ದು ನನ್ನ ತನಕ ಕೇಳಿಸಿತು.

ಜವಾನ ಪಡಸಾಲೆಗೆ ಬಂದ.

"ತುಳಜಾರಾಮ ವಲ್ದ ಶಿವರಾಜಾ... ಹಾಜಿರ್ ಹೋ!"

ಜನ ತಿರುಗಿ ನೋಡಿದರು. ಅಪ್ಪನನ್ನು ಬಲ್ಲವರು ಕಲ್ಯಾಣದಲ್ಲೂ ಇದ್ದರು. ಅಪ್ಪ ಮುಖ ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಳ್ಳಲು ಗಂಡಸಿಗೆ ಸೆರಗಿಲ್ಲ. ಜವಾನ ಎರಡನೆಯ ಸಲ ಬಾಯಿ ತೆರೆಯುವ ಮೊದಲೇ ಅಪ್ಪ ದೊಡ್ಡ ದನಿಯಲ್ಲಿ, ಕಟ್ಟೆಯ ಮೇಲೆ ತೀರ್ಪು ಹೇಳುವ ದನಿಯಲ್ಲಿ ಹೇಳಿದ:

"ಹಾನ್ರೀ. ಇಲ್ಲೇ ಹಾನ."

ದಂಡದ ಜೊತೆ ಏಳು ದಿನದ ಸಜೆಯಾಯಿತು. ಉಂಡು ಬಂದೆ. ಅದಾದ ಮೇಲೆ ಅಪ್ಪ ಕಟ್ಟೆಯ ಮೇಲೆ ಕೂಡುವುದನ್ನು ಬಿಟ್ಟ. ಕರೆಯಲು ಬಂದವರಿಗೆ "ಮಂಡಿ ನೋಯ್ತದ" ಎಂದು ಹೇಳಿ ಕಳಿಸುತ್ತಿದ್ದ. ನನಗೆ ಒಂದು ಬೈಗುಳವನ್ನೂ ಬೈಯಲಿಲ್ಲ.

ಮಿರಗದ ಮಳೆ ಬಿದ್ದ ಮೇಲೆ ಅಮೃತ ಬಂದ. ಧೂಳಮ್ಮ ಅವನಿಗೆ ಹೇಳಿರುವುದಿಲ್ಲವೆಂದು ನನಗೆ ಗೊತ್ತಿತ್ತು; ಊರವರು ಇವತ್ತೋ ನಾಳೆಯೋ ಹೇಳುತ್ತಾರೆಂದೂ ಗೊತ್ತಿತ್ತು. ಅವರಿಗಿಂತ ಮೊದಲು ನಾನೇ ಕುರಿ ತರುಬಿದ್ದ ಹೊಲಕ್ಕೆ ಹೋದೆ. ಅವನು ಒಂದು ಮರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಟವೆಲ್, ಬುಕ್ಕು, ಹೆಬ್ಬೆಟ್ಟು, ರೊಟ್ಟಿ, ಕೆಂಪು ಗೆರೆ. ಅವನು ತಲೆ ಎತ್ತದೆ ಕೇಳಿದ. ಮುಳ್ಳು ಬಂತು. ಮರಿಯನ್ನು ಬಿಟ್ಟ.

"ಕೋರ್ಟಿನ್ಯಾಗ ನಮ್ಮಪ್ಪನ ಹೆಸರ ಕೂಗಿದ್ರೇನು?"

"ಕೂಗಿದ್ರು."

"ನಮ್ಮವ್ವ ಅಲ್ಲೇ ಇದ್ಳಾ?"

"ಇದ್ಳು."

"ಎಷ್ಟ ಸಲ?"

"ಮೂರು ಸಲ," ಅಂದೆ.

ಅವನು ಕೋಲು ತೆಗೆದುಕೊಂಡು, ಬಾಯಿಂದ ಒಂದು ಸದ್ದು ಮಾಡಿ ಕುರಿಗಳನ್ನು ಎಬ್ಬಿಸಿದ. ಅವು ನನ್ನ ಎರಡೂ ಬದಿಯಿಂದ, ಕಾಲಿಗೆ ಉಜ್ಜಿಕೊಳ್ಳುತ್ತ ಮುಂದೆ ಹೋದವು. ಅವನು ನನ್ನ ಹತ್ತಿರ ಬಾರದೆ, ಬೇರೆ ದಾರಿಯಿಂದ ಬಳಸಿ ಅವುಗಳ ಹಿಂದೆ ಹೋದ.